ಕಾಂಟ್ಯಾಕ್ಟರಿನ ಸಂದಿಯ ಚಕ್ಕೆ

ಬದಿಯಡ್ಕದ ಕಡೆಯ ಒಂದು ಕೊಬ್ಬರಿ ಎಣ್ಣೆ ಗಿರಣಿಯಲ್ಲಿ, ಕಳೆದ ಆಟಿ ತಿಂಗಳಲ್ಲಿ ಮೋಟಾರಿನ ಸ್ಟಾರ್ಟರಿನ ಮುಚ್ಚಳ ತೆಗೆದಾಗ, ಕಾಂಟ್ಯಾಕ್ಟರು (ಮೋಟಾರಿಗೆ ಕರೆಂಟು ಕೊಡುವ, ಕಡಿಯುವ ವಿದ್ಯುತ್ಕಾಂತದ ಸ್ವಿಚ್ಚು) ಬೀಳದಂತೆ, ಎಂದರೆ ಕರೆಂಟು ಕಡಿಯದಂತೆ, ಅದರ ಸಂದಿಗೆ ಬೆರಳುದ್ದದ ಅಡಕೆ ಮರದ ಚಕ್ಕೆಯನ್ನು ತುರುಕಿಟ್ಟಿದ್ದು ಕಂಡಿತು. ಗಿರಣಿಯವರನ್ನು ಬೈಯಲು ನನಗೆ ಮನಸ್ಸಾಗಲಿಲ್ಲ. ಕಾಸರಗೋಡಿನ ಲೈನುಗಳು ತೆಂಗು ಕಂಗುಗಳ ನಡುವೆಯೇ ಹಾದುಹೋಗುವುದರಿಂದ, ಮಳೆಗಾಲದಲ್ಲಿ ಒಂದು ಮಡಲು 11 ಕೆವಿ ತಂತಿಗೆ ತಾಗಿ ಜಾರಿಬಿದ್ದರೂ ಬಲ್ಬು ಒಮ್ಮೆ ಮಂಕಾಗಿ ಮತ್ತೆ ಬೆಳಗುತ್ತದೆ. ಮನೆಯಲ್ಲಿ ಅದು ಲೆಕ್ಕಕ್ಕಿಲ್ಲ. ಗಿರಣಿಯಲ್ಲಿ ಅಷ್ಟಕ್ಕೇ ಕಾಂಟ್ಯಾಕ್ಟರು ಬಿದ್ದು, ಎಣ್ಣೆ ಹಿಂಡುವ ಯಂತ್ರವಾದ ಎಕ್ಸ್‌ಪೆಲ್ಲರ್ ನಿಲ್ಲುತ್ತದೆ. ಒಳಗಿನ ಹಿಂಡಿ ಗಟ್ಟಿಯಾದ ಮೇಲೆ ಸ್ವಿಚ್ಚು ಒತ್ತಿದರೆ ಮೋಟಾರು ಗುಂಯ್‌ಗುಟ್ಟಿ, ಪ್ರವಾಹ ಹೆಚ್ಚಾದರೆ ಮೋಟಾರನ್ನು ಕಡಿಯುವ ಓವರ್‌ಲೋಡ್ ರಿಲೇ ಬೀಳುತ್ತದೆ, ಬೋಲ್ಟು ಬಿಚ್ಚಿ ಕೆರೆದು ತೆಗೆಯುವಷ್ಟರಲ್ಲಿ ಅರ್ಧ ದಿನ ಹೋಗಿರುತ್ತದೆ.

ವಾಸ್ತವದಲ್ಲಿ ಅಷ್ಟು ಸಣ್ಣ ಕುಸಿತಕ್ಕೆ ಮೋಟಾರು ನಿಲ್ಲಬೇಕಾಗಿಯೇ ಇರಲಿಲ್ಲ. ವೋಲ್ಟೇಜು ಶೇಕಡಾ 80ಕ್ಕೆ ಇಳಿದರೆ ಅದರ ತಿರುಗುಬಲ ವರ್ಗದ ಲೆಕ್ಕದಲ್ಲಿ ಶೇಕಡಾ 64ಕ್ಕೆ ಇಳಿಯುತ್ತದೆ, ಆದರೂ ಚಲಿಸುತ್ತಿರುವ ಭಾಗಗಳ ವೇಗವೇ ಆ ಕ್ಷಣವನ್ನು ದಾಟಿಸುತ್ತದೆ. ಮೊದಲು ಸೋಲುವುದು ಕಾಂಟ್ಯಾಕ್ಟರಿನ ಕಾಯಿಲ್, ಎಂದರೆ ಅದನ್ನು ಎಳೆದು ಹಿಡಿದಿರುವ ವಿದ್ಯುತ್ಕಾಂತದ ಸುರುಳಿ. ಅರ್ಧಕ್ಕೆ ಹತ್ತಿರವಾಗುವ ವೋಲ್ಟೇಜಿನಲ್ಲಿ ಎಸಿ ಕಾಯಿಲ್ ಒಂದೆರಡು ಆವರ್ತಗಳಲ್ಲೇ, ಎಂದರೆ 20ರಿಂದ 40 ಮಿಲಿಸೆಕೆಂಡುಗಳಲ್ಲೇ, ಕೈಬಿಡಬಹುದು. ಯಂತ್ರಗಳ ವಿದ್ಯುತ್ ಸಜ್ಜಿಕೆಗೆ ಇರುವ ಐಇಸಿ 60204-1 ಮಾನಕವು ಶೇಕಡಾ 20ರ ಕುಸಿತವನ್ನು ಒಂದು ಆವರ್ತದ ಕಾಲ ತಾಳಿದರೆ ಸಾಕೆನ್ನುತ್ತದೆ. ಚಿಪ್ ತಯಾರಿಸುವ ಯಂತ್ರಗಳಿಗಾಗಿ ಬರೆದ ಸೆಮಿ ಎಫ್47 ಮಾನಕದಲ್ಲಾದರೋ ವೋಲ್ಟೇಜು ಅರ್ಧಕ್ಕೆ ಇಳಿದು 0.2 ಸೆಕೆಂಡು ಹಾಗೆಯೇ ಇದ್ದರೂ ಯಂತ್ರ ನಡೆಯುತ್ತಿರಬೇಕು. ನಮ್ಮ ಮಳೆಗಾಲಕ್ಕೆ ಎರಡನೆಯದೇ ತಕ್ಕದ್ದು ಎಂಬುದು ನನ್ನ ಅಭಿಪ್ರಾಯ.

ಹಾಗೆಂದು ಚಕ್ಕೆ ಪರಿಹಾರವಲ್ಲ. ಕರೆಂಟು ಹೋದಾಗ ಕಾಂಟ್ಯಾಕ್ಟರು ಬೀಳುವುದು ದೋಷವಲ್ಲ, ಅದೊಂದು ರಕ್ಷಣೆ. ನಿಂತ ಎಕ್ಸ್‌ಪೆಲ್ಲರಿನ ಒಳಗೆ ಯಾರಾದರೂ ಕೈ ಹಾಕಿ ಹಿಂಡಿ ಕೆರೆಯುತ್ತಿರುವಾಗ ಕರೆಂಟು ಬಂದರೆ, ಚಕ್ಕೆ ಇರುವ ಯಂತ್ರ ತಾನಾಗಿ ತಿರುಗತೊಡಗುತ್ತದೆ. ಆದುದರಿಂದ ನಾನು ಚಕ್ಕೆಯನ್ನು ತೆಗೆದು, ಕಾಯಿಲನ್ನು ನಡೆಸುವ ಕಂಟ್ರೋಲ್ ಸರ್ಕ್ಯೂಟಿಗೆ ಮಾತ್ರ ಒಂದು ಸಣ್ಣ ಯುಪಿಎಸ್ ಕೊಟ್ಟು, ಮುಖ್ಯ ಲೈನನ್ನು ನೋಡುತ್ತಿರುವ ರಿಲೇ ಒಂದನ್ನು ಜೋಡಿಸಿದೆ. ವೋಲ್ಟೇಜು ಕುಸಿದರೆ ಅದು ಅರ್ಧ ಸೆಕೆಂಡು ಕಾಯುತ್ತದೆ, ಪೂರ್ತಿ ಹೋದರೆ ಕಾಯದೆ ಕಾಂಟ್ಯಾಕ್ಟರನ್ನು ಬೀಳಿಸುತ್ತದೆ. ಈ ವ್ಯತ್ಯಾಸ ಏಕೆ ಬೇಕೆಂದರೆ, ಕರೆಂಟು ಕಡಿದ ಮೇಲೂ ತಿರುಗುತ್ತಿರುವ ಮೋಟಾರಿನಲ್ಲಿ ಸ್ವಲ್ಪ ಹೊತ್ತು ಅದರದೇ ವೋಲ್ಟೇಜು ಉಳಿದಿರುತ್ತದೆ. ಮರಳಿ ಬರುವ ಲೈನು ಅದಕ್ಕೆ ವಿರುದ್ಧ ದಿಕ್ಕಿನಲ್ಲಿ ಸೇರಿಕೊಂಡರೆ ಕಪ್ಲಿಂಗೇ ಮುರಿಯುವಂತಹ ಹೊಡೆತ ಬೀಳಬಹುದು. ಸ್ಟಾಪ್ ಬಟನ್ನನ್ನಂತೂ ಯುಪಿಎಸ್ಸಿನಿಂದ ಕಾಯಿಲಿಗೆ ಹೋಗುವ ತಂತಿಯಲ್ಲೇ ಇಟ್ಟಿದ್ದೇನೆ. ಒತ್ತಿದರೆ ಯಾವ ಟೈಮರಿನ ಹಂಗೂ ಇಲ್ಲದೆ ಕಾಂಟ್ಯಾಕ್ಟರು ಬೀಳಬೇಕು.

ಮೂರು ಫೇಸುಗಳಲ್ಲಿ ಒಂದು ಹೋಗುವುದು ಇದಕ್ಕಿಂತ ಕೆಟ್ಟದ್ದು. ಟ್ರಾನ್ಸ್‌ಫಾರ್ಮರಿನ ಎಚ್‌ಟಿ (11 ಕೆವಿ ಕಡೆಯ) ಫ್ಯೂಸುಗಳಲ್ಲಿ ಒಂದು ಹಾರಿದರೆ, ನಮ್ಮ ಕಡೆ ಒಂದು ಫೇಸು ಸರಿಯಾಗಿದ್ದು ಉಳಿದೆರಡರಲ್ಲಿ ಹೆಚ್ಚುಕಡಿಮೆ ಅರ್ಧ ವೋಲ್ಟೇಜು ಸಿಗುತ್ತದೆ. ಒಂದು ಕೋಣೆಯ ಫ್ಯಾನು ಓಡಿ ಇನ್ನೊಂದರದು ತೆವಳುವುದು ಇದರಿಂದಲೇ. ಎಲ್‌ಟಿ, ಎಂದರೆ ಗಿರಣಿಗೆ ಬರುವ ಕಡಿಮೆ ವೋಲ್ಟೇಜಿನ ಕಡೆಯೇ ಒಂದು ಫೇಸು ಕಡಿದರೆ, ಓಡುತ್ತಿರುವ ಮೋಟಾರು ಹೋದ ಫೇಸಿನಲ್ಲೂ ತಾನೇ ವೋಲ್ಟೇಜು ಹುಟ್ಟಿಸುತ್ತದೆ. ಆದುದರಿಂದ ಬರಿಯ ವೋಲ್ಟೇಜು ನೋಡುವ ಅಗ್ಗದ ಪ್ರಿವೆಂಟರ್ (ಫೇಸು ಹೋದರೆ ಮೋಟಾರು ನಿಲ್ಲಿಸುವ ಸಾಧನ) ಮೋಸಹೋಗಬಹುದು. ಪ್ರವಾಹದ ಅಸಮತೋಲವನ್ನು ಅಳೆಯುವಂಥದ್ದಕ್ಕೆ ದುಡ್ಡು ಹೆಚ್ಚಾದರೂ ಅದನ್ನೇ ಹಾಕಿಸಿದೆ.

ಕರೆಂಟು ಮರಳಿದ ಮೇಲೂ ಆ ಗಿರಣಿಯಲ್ಲಿ ಈಗ ಯಾವುದೂ ತಾನಾಗಿ ಹೊರಡುವುದಿಲ್ಲ. ನೇರವಾಗಿ ಲೈನಿಗೆ ಹಾಕುವ ಮೋಟಾರುಗಳು ಹೊರಡುವಾಗ ಆರೇಳು ಪಟ್ಟು ಪ್ರವಾಹ ಎಳೆಯುವುದರಿಂದ, ಒಂದು ಪೂರ್ತಿ ವೇಗಕ್ಕೆ ಬಂದ ಮೇಲೆಯೇ ಇನ್ನೊಂದರ ಬಟನು ಒತ್ತುತ್ತಾರೆ, ಎಕ್ಸ್‌ಪೆಲ್ಲರಿನದು ಕಡೆಯ ಸರದಿ.