1,080ರಿಂದ 2,230ರ ತನಕ: ಹೊಸ ಸ್ಪೋರ್ಟ್ ಬೈಕಿನ ಮೊದಲ ದೂರದ ಓಟ

ಹೊರಟಾಗ ಓಡೋಮೀಟರ್ 1,080 ತೋರಿಸುತ್ತಿತ್ತು. ಮೊದಲ ಸರ್ವಿಸ್ ಆಗಿ, ಆಯಿಲ್ ಮತ್ತು ಫಿಲ್ಟರ್ ಬದಲಾದ ಮೇಲೆಯೇ ಹೊರಟಿದ್ದು. ಹೊಸ ಎಂಜಿನ್ನಿನಲ್ಲಿ ಪಿಸ್ಟನ್ ರಿಂಗು, ಗೇರಿನ ಹಲ್ಲುಗಳು ಒಂದಕ್ಕೊಂದು ಉಜ್ಜಿಕೊಂಡು ಕೂರುವಾಗ ಉದುರುವ ಲೋಹದ ಪುಡಿ ಆ ಮೊದಲ ಆಯಿಲಿನಲ್ಲೇ ಸುತ್ತುತ್ತಿರುತ್ತದೆ. ಹೆದ್ದಾರಿಯಲ್ಲಿ ಗಂಟೆಗಟ್ಟಲೆ ಒಂದೇ ಆರ್‌ಪಿಎಮ್‌ನಲ್ಲಿ ಓಡಿಸುವುದೂ ರನ್ನಿಂಗ್-ಇನ್ ಅವಧಿಗೆ, ಅಂದರೆ ಹೊಸ ಎಂಜಿನ್ ಪಳಗುವ ಮೊದಲ ದಿನಗಳಿಗೆ, ಒಗ್ಗುವ ಕೆಲಸವಲ್ಲ. ಮೂರು ದಿನ, 1,150 ಕಿಲೋಮೀಟರ್. ಬಯಲು, ಘಾಟಿ, ಮಳೆ, ಒಂದಿಷ್ಟು ಜಲ್ಲಿ ರಸ್ತೆ.

ಗಾಳಿ ನೋಡುವುದು ಬೆಳಿಗ್ಗೆ, ಟೈರ್ ತಣ್ಣಗಿರುವಾಗ. ಎಷ್ಟಿರಬೇಕು ಎಂಬುದು ಹಿಂದಿನ ಚಕ್ರವನ್ನು ಹಿಡಿದಿರುವ ತೋಳಾದ ಸ್ವಿಂಗ್ ಆರ್ಮ್ ಮೇಲೆ ಅಂಟಿಸಿದ ಚೀಟಿಯಲ್ಲಿರುತ್ತದೆ. ಐವತ್ತು ಕಿಲೋಮೀಟರ್ ಓಡಿದ ಮೇಲೆ ನೋಡಿದರೆ ಅದೇ ಟೈರ್ 3–5 ಪಿಎಸ್‌ಐ ಜಾಸ್ತಿ ತೋರಿಸುತ್ತದೆ. ಹೆಚ್ಚಾಯಿತೆಂದು ಅಲ್ಲೇ ಗಾಳಿ ಇಳಿಸಿಬಿಟ್ಟರೆ ಮರುದಿನ ಬೆಳಿಗ್ಗೆ ಗಾಳಿ ಕಡಿಮೆ. ಹಿಂದೆ ಬ್ಯಾಗ್ ಕಟ್ಟಿದಾಗ ಬಾಲ ತಗ್ಗಿ, ಹೆಡ್‌ಲೈಟ್ ಎದುರಿನವರ ಕಣ್ಣಿಗೆ ಹೊಡೆಯುತ್ತದೆ, ತಿರುವಿನಲ್ಲಿ ಬೈಕು ಹೊರಕ್ಕೆ ಎಳೆಯುತ್ತದೆ. ಹಿಂದಿನ ಸಸ್ಪೆನ್ಷನ್ನಿನ ಪ್ರಿಲೋಡ್ (ಸ್ಪ್ರಿಂಗನ್ನು ಮೊದಲೇ ಅದುಮಿಡುವ ಬಿಗಿ) ಒಂದೆರಡು ಹಂತ ಏರಿಸಿದರೆ ಎರಡೂ ಸರಿಹೋಗುತ್ತವೆ. ಬ್ಯಾಗಿನ ಪಟ್ಟಿಯ ತುದಿಗಳನ್ನು ಮಡಿಸಿ ಟೇಪ್ ಸುತ್ತಬೇಕು. ಜೋತಾಡುವ ಪಟ್ಟಿ ಚೈನಿಗೆ ಸಿಕ್ಕಿದರೆ ಹಿಂದಿನ ಚಕ್ರ ನಿಂತೇಬಿಡುತ್ತದೆ.

1,200ರ ಹೊತ್ತಿಗೆ ಮಣಿಕಟ್ಟು ಮಾತಾಡಲು ಶುರುಮಾಡಿತು. ಸ್ಪೋರ್ಟ್ ಬೈಕಿನಲ್ಲಿ ಇದು ಎಲ್ಲರಿಗೂ ಬರುವ ನೋವು, ಮತ್ತು ಎಲ್ಲರೂ ಮೊದಲು ಬೈಯುವುದು ಸೀಟನ್ನು. ಸೀಟಿಗೆ ಜೆಲ್ ಪ್ಯಾಡ್ ಹಾಕಿಸಿ, ಬಿಸಿಲಿನಲ್ಲಿ ಅದು ಕಾದು, ಮತ್ತೊಂದು ಪ್ಯಾಡ್ ಹುಡುಕುವವರಿಗೇನೂ ಬರವಿಲ್ಲ. ತಪ್ಪು ಬಹಳ ಸಲ ಇರುವುದು ಮೈಯ ಭಾರ ಎಲ್ಲಿ ಇಳಿಯುತ್ತಿದೆ ಎಂಬುದರಲ್ಲಿ. ಹ್ಯಾಂಡಲ್ ತಗ್ಗಿರುವುದರಿಂದ ಎದೆಯ ಭಾರವೆಲ್ಲ ಅಂಗೈಗೆ ಬರುತ್ತದೆ. ಅದನ್ನು ತೊಡೆಗೆ ದಾಟಿಸಬೇಕು: ಟ್ಯಾಂಕಿಗೂ ಮೈಗೂ ನಡುವೆ ಒಂದು ಮುಷ್ಟಿಯಷ್ಟು ಜಾಗ ಬಿಟ್ಟು ಹಿಂದೆ ಕೂತು, ಮಂಡಿಗಳಿಂದ ಟ್ಯಾಂಕನ್ನು ಅವಚಿ, ಹೊಟ್ಟೆ ಬಿಗಿದು, ಮೊಣಕೈ ಸಡಿಲ ಬಿಡಬೇಕು. ಕೈ ಹಗುರಾಗಿದೆಯೋ ಇಲ್ಲವೋ ನೋಡಲು ಸುಲಭದ ಪರೀಕ್ಷೆ ಒಂದಿದೆ. ಓಡುತ್ತಿರುವಾಗಲೇ ಬೆರಳುಗಳನ್ನು ಗ್ರಿಪ್ ಮೇಲೆ ಪಿಯಾನೊ ನುಡಿಸುವಂತೆ ಆಡಿಸಬೇಕು. ಆಡದಿದ್ದರೆ ಹ್ಯಾಂಡಲನ್ನು ಹಿಡಿದಿಲ್ಲ, ಅದಕ್ಕೆ ನೇತುಬಿದ್ದಿದ್ದೀರಿ ಎಂದರ್ಥ. ಟ್ಯಾಂಕಿನ ಎರಡೂ ಪಕ್ಕಕ್ಕೆ ರಬ್ಬರಿನ ಗ್ರಿಪ್ ಪ್ಯಾಡ್ ಅಂಟಿಸಿದ್ದರೆ ಮಂಡಿ ಜಾರುವುದಿಲ್ಲ. ಮಾರುವವರು ಹೇಳುವಷ್ಟು ದೊಡ್ಡ ಮಾಯೆಯೇನಲ್ಲ, ಆದರೆ ಸೀಟಿನ ಪ್ಯಾಡಿಗಿಂತ ಮೊದಲು ಇದಕ್ಕೆ ಹಣ ಹಾಕಬಹುದು.

ಮಣಿಕಟ್ಟಿನ ನೋವಿಗೆ ಎರಡನೆಯ ಕಾರಣ ಬ್ರೇಕ್, ಕ್ಲಚ್ ಲಿವರುಗಳ ಓರೆ. ಶೋರೂಮಿನಿಂದ ಬರುವಾಗ ಲಿವರ್ ಎಲ್ಲಿ ಬಿಗಿದಿರುತ್ತದೋ ಅಲ್ಲೇ ಇರಬೇಕೆಂಬ ನಿಯಮವಿಲ್ಲ. ಸವಾರಿಯ ಭಂಗಿಯಲ್ಲಿ ಕೂತು ಬೆರಳು ಚಾಚಿದರೆ, ಮುಂಗೈಯಿಂದ ಲಿವರಿನ ತನಕ ನೇರ ಗೆರೆ ಬರಬೇಕು. ಮಣಿಕಟ್ಟು ಮೇಲಕ್ಕೆ ಮುರಿದಂತೆ ಇದ್ದರೆ ಕ್ಲಾಂಪಿನ ಬೋಲ್ಟ್ ಸಡಿಲಿಸಿ ಲಿವರನ್ನು ಕೆಳಕ್ಕೆ ತಿರುಗಿಸಿ ಮತ್ತೆ ಬಿಗಿಯುವುದು, ಎರಡು ನಿಮಿಷದ ಕೆಲಸ. ಹ್ಯಾಂಡಲನ್ನು ಎರಡೂ ಕಡೆ ಪೂರ್ತಿ ತಿರುಗಿಸಿ, ಲಿವರ್ ಫೇರಿಂಗಿಗೆ (ಬೈಕಿನ ಪ್ಲಾಸ್ಟಿಕ್ ಹೊದಿಕೆಗೆ) ತಾಗುವುದಿಲ್ಲ, ಕೇಬಲ್ ಎಳೆಯುವುದಿಲ್ಲ ಎಂದು ನೋಡಿಕೊಂಡೇ ಮುಂದೆ ಹೊರಡಬೇಕು. ಬೆರಳಿಗೆ ಜೋಮು ಹಿಡಿಯುವುದು ಮಾತ್ರ ಹೆಚ್ಚಾಗಿ ಕಂಪನದಿಂದ. ಪ್ರತಿ ಎಂಜಿನ್ನಿಗೂ ಅದು ಜಾಸ್ತಿ ನಡುಗುವ ಆರ್‌ಪಿಎಮ್ ಒಂದಿರುತ್ತದೆ. ಒಂದು ಗೇರ್ ಬದಲಿಸಿದರೆ ಅಥವಾ ವೇಗ ಸ್ವಲ್ಪ ಇಳಿಸಿದರೆ ಅದರಿಂದ ಹೊರಗೆ ಬರಬಹುದು.

ಕಿವಿಯ ವಿಷಯ ಯಾರೂ ಹೇಳುವುದಿಲ್ಲ. ಹೆದ್ದಾರಿಯ ವೇಗದಲ್ಲಿ ಹೆಲ್ಮೆಟ್ಟಿನೊಳಗೂ ಗಾಳಿಯ ಸದ್ದು ಕಿವಿಗೆ ಹಾನಿ ಮಾಡುವ ಮಟ್ಟ ಮುಟ್ಟುತ್ತದೆ, ಸಂಜೆಯ ಸುಸ್ತಿನಲ್ಲಿ ದೊಡ್ಡ ಪಾಲು ಅದರದ್ದೇ. ಫೋಮಿನ ಇಯರ್ ಪ್ಲಗ್ಗನ್ನು ಬೆರಳಲ್ಲಿ ತೆಳ್ಳಗೆ ಹೊಸೆದು, ಕಿವಿಯನ್ನು ಮೇಲಕ್ಕೆ ಎಳೆದು ಹಿಡಿದು ಒಳಗಿಟ್ಟು, ಅದು ಅರಳುವ ತನಕ ಒತ್ತಿ ಹಿಡಿಯಬೇಕು. ಹಾರ್ನು, ಎಂಜಿನ್ ಸದ್ದು ಕೇಳುತ್ತಲೇ ಇರುತ್ತವೆ. ಹೋಗುವುದು ಹೆಚ್ಚಾಗಿ ಗಾಳಿಯ ಮೊರೆತ.

1,490ಕ್ಕೆ ಮೊದಲ ದಿನ ಮುಗಿಯಿತು. ಬೈಕ್ ನಿಲ್ಲಿಸಿದ ಕೂಡಲೇ ಚೈನ್, ಏಕೆಂದರೆ ಬೆಚ್ಚಗಿರುವ ಚೈನಿಗೆ ಲೂಬ್ ಚೆನ್ನಾಗಿ ಇಳಿಯುತ್ತದೆ, ರಾತ್ರಿಯಿಡೀ ಕೂರಲು ಸಮಯವೂ ಸಿಗುತ್ತದೆ. ಹಚ್ಚಿದ ಹತ್ತೇ ನಿಮಿಷಕ್ಕೆ ಹೊರಟರೆ ಅರ್ಧ ಲೂಬ್ ಹಿಂದಿನ ರಿಮ್ಮಿನ ಮೇಲೆ. ಸ್ಪೋರ್ಟ್ ಬೈಕಿಗೆ ಸೆಂಟರ್ ಸ್ಟ್ಯಾಂಡ್ ಇಲ್ಲ, ಹಿಂದಿನ ಚಕ್ರ ಎತ್ತಿ ನಿಲ್ಲಿಸುವ ಪ್ಯಾಡಕ್ ಸ್ಟ್ಯಾಂಡ್ ಹೊತ್ತುಕೊಂಡು ಯಾರೂ ಊರೂರು ಸುತ್ತುವುದಿಲ್ಲ. ಕೆಳಗಿನ ಚೈನಿನ ಕಾಣುವಷ್ಟು ಭಾಗವನ್ನು ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ, ಒಳಬದಿಗೆ ಲೂಬ್ ಹಚ್ಚಿ, ಬೈಕನ್ನು ಒಂದು ಮಾರು ಮುಂದಕ್ಕೆ ತಳ್ಳಿ, ಮುಂದಿನ ಭಾಗ. ಶುರುವಾದ ಕೊಂಡಿಗೆ ಒಂದು ಚುಕ್ಕಿ ಬಣ್ಣ ಹಾಕಿಕೊಂಡಿದ್ದರೆ ಸುತ್ತು ಮುಗಿದದ್ದು ಗೊತ್ತಾಗುತ್ತದೆ. ಕೊಂಡಿಗಳ ನಡುವಿನ ಓ-ರಿಂಗ್ ಎಂಬ ರಬ್ಬರ್ ಬಳೆ ಹಾಳಾಗುತ್ತದೆ, ಆದ್ದರಿಂದ ಪೆಟ್ರೋಲ್ ಮತ್ತು ತಂತಿ ಬ್ರಷ್ ಬೇಡ. ಎಂಜಿನ್ ಚಾಲೂ ಮಾಡಿ ಗೇರಿಗೆ ಹಾಕಿ ಚೈನ್ ಒರೆಸುವ ವಿಡಿಯೊಗಳಿವೆ. ಬೆರಳು ಹೋಗುವುದು ಹಾಗೆಯೇ.

ಎರಡನೆಯ ದಿನ ಘಾಟಿ, ಜೊತೆಗೆ ಮಳೆ. ಇಳಿಜಾರಿನಲ್ಲಿ ಗೇರ್ ಇಳಿಸಿ ಎಂಜಿನ್ನಿಗೇ ಹಿಡಿಯಲು ಬಿಡುವುದು, ಬ್ರೇಕನ್ನು ತಿರುವಿಗೆ ಮುಂಚೆ ಒತ್ತಿ ಬಿಡುವುದು. ಉದ್ದಕ್ಕೂ ಒತ್ತಿಕೊಂಡೇ ಇಳಿದರೆ ಡಿಸ್ಕ್ ಕಾದು, ಬ್ರೇಕ್ ಫ್ಲೂಯಿಡ್ ಕುದಿದು, ಲಿವರ್ ಸ್ಪಂಜಿನಂತಾಗುತ್ತದೆ. ಮಳೆ ನಿಂತ ಮೇಲೆ ಚೈನ್ ಒಣಗಿ ಕಿರುಗುಟ್ಟತೊಡಗಿತು. ಐನೂರು ಕಿಲೋಮೀಟರಿಗೊಮ್ಮೆ ಚೈನಿಗೆ ಲೂಬ್ ಎಂಬ ಲೆಕ್ಕವೆಲ್ಲ ಒಣ ರಸ್ತೆಗೆ. ನೆಂದ ದಿನದ ಸಂಜೆ ಎಷ್ಟೇ ಓಡಿರಲಿ ಮತ್ತೆ ಹಚ್ಚಬೇಕು.

1,760ರ ಸುಮಾರಿಗೆ, ಜಲ್ಲಿ ದಾಟಿದ ಮೇಲೆ, ಹಿಂಬದಿ ತೂಗಾಡಿತು. ಮೊಳೆ. ಟ್ಯೂಬ್‌ಲೆಸ್ ಆದ್ದರಿಂದ ಪಂಕ್ಚರ್ ಕಿಟ್ ಸಾಕು. ಮೊಳೆ ಹೋಗಿರುವ ಓರೆಯನ್ನು ಮೊದಲು ನೋಡಿಟ್ಟುಕೊಂಡು ಕಿತ್ತು, ಅದೇ ಓರೆಯಲ್ಲಿ ಅರದ ಸೂಜಿ ತೂರಿಸಿ ಹತ್ತಾರು ಸಲ ಆಡಿಸಬೇಕು. ಸೊಲ್ಯೂಷನ್ ಹಚ್ಚಿದ ರಬ್ಬರ್ ಎಳೆಯನ್ನು ಸೂಜಿಯ ಕಣ್ಣಿಗೆ ಏರಿಸಿ, ತುದಿಗಳು ಹೊರಗೆ ಎರಡು ಸೆಂಟಿಮೀಟರಿನಷ್ಟು ಉಳಿಯುವಂತೆ ಒಳಗೆ ನೂಕಿ, ಸೂಜಿಯನ್ನು ತಿರುಗಿಸದೆ ಒಂದೇ ಜಗ್ಗಿಗೆ ಎಳೆಯಬೇಕು. ಉಳಿದದ್ದನ್ನು ಟೈರಿನಿಂದ ಮೂರ್ನಾಲ್ಕು ಮಿ.ಮೀ. ಮೇಲೆ ಕತ್ತರಿಸಿ, ಗಾಳಿ ತುಂಬಿ, ಉಗುಳು ಹಚ್ಚಿದರೆ ಗುಳ್ಳೆ ಬರಬಾರದು. ಟೈರಿನ ಪಕ್ಕದ ಗೋಡೆಗೆ ತೂತಾಗಿದ್ದರೆ ಈ ಕೆಲಸ ಸಲ್ಲ. ಈ ಎಳೆ ತಾತ್ಕಾಲಿಕ ಕೂಡ: ವೇಗ ಮಿತಿಯಲ್ಲಿಟ್ಟು ಊರು ಸೇರಿ, ಟೈರ್ ಬಿಚ್ಚಿಸಿ ಒಳಗಿನಿಂದ ಪ್ಯಾಚ್ ಹಾಕಿಸಬೇಕು.

ಮೂರನೆಯ ಬೆಳಿಗ್ಗೆ ಎಂಜಿನ್ ಬಿಸಿ ಮಾಡಿ, ಆರಿಸಿ, ಎರಡು ಮೂರು ನಿಮಿಷ ಬಿಟ್ಟು ಆಯಿಲ್ ನೋಡಿದ್ದಾಯಿತು. ಬೈಕ್ ನೇರವಾಗಿರಬೇಕು. ಸೈಡ್ ಸ್ಟ್ಯಾಂಡ್ ಮೇಲೆ ವಾಲಿಸಿದರೆ ಆಯಿಲ್ ಮಟ್ಟ ತೋರಿಸುವ ಗಾಜಿನ ಕಿಂಡಿ ಸುಳ್ಳು ಹೇಳುತ್ತದೆ. ಒಬ್ಬರೇ ಇದ್ದರೆ ಫೋನನ್ನು ನೆಲದ ಮೇಲೆ ಆನಿಸಿ ವಿಡಿಯೊ ಹಚ್ಚಿ, ಬೈಕನ್ನು ನೇರ ಹಿಡಿದುಕೊಳ್ಳುವುದು. ಕೂಡಿಸಬೇಕಾದರೆ ಜಾಸೊ ಎಂಎ ಅಥವಾ ಎಂಎ2 (ಬೈಕಿನ ಆಯಿಲಿನ ದರ್ಜೆ) ಎಂದು ಬರೆದಿರುವ ಆಯಿಲ್ ಮಾತ್ರ. ಇಲ್ಲಿ ಕ್ಲಚ್ ಪ್ಲೇಟುಗಳು ಅದೇ ಆಯಿಲಿನಲ್ಲಿ ಮುಳುಗಿರುತ್ತವೆ, ಕಾರಿನ ಕೆಲವು ಆಯಿಲಿನಲ್ಲಿರುವ ಜಾರಿಕೆಯ ಅಂಶ ಕ್ಲಚ್ಚನ್ನೇ ಜಾರಿಸುತ್ತದೆ. ಕ್ಲಚ್ ಕೇಬಲ್ ಹೊಸದರಲ್ಲಿ ಹಿಗ್ಗುತ್ತದೆ. ಲಿವರಿನ ತುದಿಯಲ್ಲಿ 10–15 ಮಿ.ಮೀ. ಇರಬೇಕಾದ ಆಟ ಮೂರನೆಯ ದಿನಕ್ಕೆ ಎರಡು ಬೆರಳಿನಷ್ಟಾಗಿತ್ತು, ನ್ಯೂಟ್ರಲ್ ಸಿಗಲು ಹಟ ಮಾಡುತ್ತಿತ್ತು. ಲಿವರ್ ಬಳಿಯ ಅಡ್ಜಸ್ಟರನ್ನು ಸ್ವಲ್ಪ ಹೊರಕ್ಕೆ ತಿರುಗಿಸಿದ್ದೇ ತಡ, ಸರಿಹೋಯಿತು. ಕನ್ನಡಿಯ ಬುಡ, ನಂಬರ್ ಪ್ಲೇಟ್, ಸೈಲೆನ್ಸರಿನ ಬೋಲ್ಟುಗಳಿಗೂ ಒಮ್ಮೆ ಕೀ ಹಾಕಿ ನೋಡಬೇಕು. ಫೇರಿಂಗಿನ ಸ್ಕ್ರೂಗಳಿಗೆ ಮಾತ್ರ ಜೋರು ಬೇಡ, ಪ್ಲಾಸ್ಟಿಕ್ ಸೀಳುತ್ತದೆ.

2,230ಕ್ಕೆ ಮನೆ. ಕಾದ ಎಂಜಿನ್ನಿಗೆ ಅಂದೇ ನೀರು ಹೊಡೆಯುವುದು ಬೇಡ. ರೇಡಿಯೇಟರಿನ ಹುಳುಗಳು ಬೆಳಗಿನ ತನಕ ಕಾಯಬಹುದು, ಆಮೇಲೂ ಪೈಪಿನ ಮೆಲ್ಲಗಿನ ನೀರೇ ಇರಲಿ. ಪ್ರೆಷರ್ ವಾಷರ್ ಅದರ ರೆಕ್ಕೆಗಳನ್ನು ಮಡಚಿಹಾಕುತ್ತದೆ. ಮರುದಿನ ಅಳೆದಾಗ ಚೈನ್ ಮೇಲೆ-ಕೆಳಗೆ ಆಡುವ ಸಡಿಲ 40 ಮಿ.ಮೀ. ದಾಟಿತ್ತು. ಈ ಬೈಕಿನ ಚೀಟಿಯಲ್ಲಿ ಇದ್ದದ್ದು 25–35. ಚಕ್ರ ತಿರುಗಿಸುತ್ತ ಮೂರು ನಾಲ್ಕು ಕಡೆ ಅಳೆದು, ಅತಿ ಬಿಗಿಯಾದ ಕಡೆಯ ಅಳತೆಯನ್ನೇ ಹಿಡಿಯಬೇಕು. ಆಕ್ಸಲ್ ನಟ್ ಸಡಿಲಿಸಿ, ಎರಡೂ ಕಡೆಯ ಅಡ್ಜಸ್ಟರನ್ನು ಕಾಲು ಸುತ್ತಿನಂತೆ ಸಮನಾಗಿ ತಿರುಗಿಸಿ, ಸ್ವಿಂಗ್ ಆರ್ಮ್ ಮೇಲಿನ ಗೀಟುಗಳು ಎರಡೂ ಕಡೆ ಒಂದೇ ಆಗಿವೆಯೇ ನೋಡಿ, ಮ್ಯಾನ್ಯುಯಲಿನ ಟಾರ್ಕಿಗೆ (ಬಿಗಿಯುವ ಬಲಕ್ಕೆ) ಬಿಗಿದು ಮತ್ತೊಮ್ಮೆ ಅಳೆಯಬೇಕು, ಏಕೆಂದರೆ ನಟ್ ಬಿಗಿಯುವಾಗ ಚೈನೂ ಒಂದೆರಡು ಮಿ.ಮೀ. ಬಿಗಿಯುತ್ತದೆ. ಗಟ್ಟಿಯಾಗಿರಲಿ ಎಂದು 20ಕ್ಕೆ ಇಳಿಸುವವರಿದ್ದಾರೆ. ಸವಾರ ಕೂತು ಗುಂಡಿಗೆ ಇಳಿದಾಗ ಸ್ವಿಂಗ್ ಆರ್ಮ್ ಎದ್ದು ಚೈನ್ ಇನ್ನೂ ಬಿಗಿದು, ಗೇರ್‌ಬಾಕ್ಸಿನಿಂದ ಹೊರಬರುವ ಶಾಫ್ಟಿನ ಬೇರಿಂಗನ್ನು ಎಳೆಯುತ್ತದೆ. ಆ ಬೇರಿಂಗ್ ಬದಲಿಸಲು ಎಂಜಿನ್ನನ್ನೇ ಇಳಿಸಬೇಕಾಗಬಹುದು.