ಉಪ್ಪುಗಾಳಿಯ ಊರಿನಲ್ಲಿ ಕ್ಯಾಂಪರ್ ಕಟ್ಟುವ ಕೆಲಸ

ಕಾರವಾರದಲ್ಲಿ ಹಳೆಯ ವ್ಯಾನೊಂದನ್ನು ಕ್ಯಾಂಪರ್ (ಒಳಗೇ ಮಲಗಿ ಉಳಿಯಬಹುದಾದ ಗಾಡಿ) ಮಾಡಲು ಹೊರಟ ನನಗೂ ತಮ್ಮನಿಗೂ ಮರಗೆಲಸ, ವೈರಿಂಗಿಗಿಂತ ಹೆಚ್ಚಾಗಿ ನೀರೇ ಅಡ್ಡಬಂತು. ಸೀಟುಗಳನ್ನು ಬಿಚ್ಚಿ ರಬ್ಬರ್ ಮ್ಯಾಟನ್ನು ಎತ್ತಿದಾಗ, ಹಿಂಚಕ್ರದ ಪಕ್ಕದ ತಗಡು ಸ್ಕ್ರೂಡ್ರೈವರ್ ತಾಗಿದರೆ ಉದುರುವ ಸ್ಥಿತಿಯಲ್ಲಿತ್ತು. ಉಪ್ಪು ಗಾಳಿಯಿಂದ ತೇವವನ್ನು ಹೀರಿಕೊಳ್ಳುತ್ತದೆ; ಆದ್ದರಿಂದ ಕಡಲಂಚಿನಲ್ಲಿ ಓಡಾಡಿದ ಗಾಡಿಯ ಮ್ಯಾಟಿನ ಅಡಿ ಬೇಸಿಗೆಯಲ್ಲೂ ಪೂರ್ತಿ ಒಣಗುವುದಿಲ್ಲ. ಮೇಲೆ ಪ್ಲೈವುಡ್ ಹಾಕಿ ಮುಚ್ಚಿದರೆ ತುಕ್ಕು ಕಾಣದೇ ಹೋದರೂ ತಿನ್ನುವುದನ್ನು ಬಿಡುವುದಿಲ್ಲವೆಂದು ಅಂಕೋಲೆಯ ಟಿಂಕರಿಂಗ್ ಮೇಸ್ತ್ರಿ ಹೇಳಿದರು. ಕೊಳೆತ ಭಾಗವನ್ನು ಕತ್ತರಿಸಿ ಹೊಸ ತಗಡು ಬೆಸೆಯುವಷ್ಟರಲ್ಲಿ ಜೂನ್ ಬಂತು. ವರ್ಷಕ್ಕೆ ಸುಮಾರು 3,000 ಮಿಲಿಮೀಟರ್ ಮಳೆ ಸುರಿಯುವ ಈ ಕರಾವಳಿಯಲ್ಲಿ, ಬೆಳಿಗ್ಗೆ ಉಜ್ಜಿ ಹೊಳಪಿಸಿದ ತಗಡು ಪ್ರೈಮರ್ ಕಾಣುವ ಮೊದಲೇ, ತಾಡಪತ್ರಿಯ ಅಡಿಯಲ್ಲಿದ್ದರೂ ಕೆಂಪೇರುತ್ತಿತ್ತು. ಚೌತಿ ಕಳೆಯುವವರೆಗೆ ಬಣ್ಣದ ಕೆಲಸವನ್ನೇ ನಿಲ್ಲಿಸಬೇಕಾಯಿತು.

ಮರೈನ್ ಪ್ಲೈ (ನೀರು ತಾಳುವ ಪ್ಲೈವುಡ್) ಎಂದು ಕೊಂಡ ಹಲಗೆಗಳ ಅಂಚು ಅದೇ ಮಳೆಗಾಲದಲ್ಲಿ ಉಬ್ಬಿತು. ಹಲಗೆಯ ಮೇಲೆ ಮರೈನ್ ಪ್ಲೈಗೆ ಇರುವ ಭಾರತೀಯ ಮಾನದಂಡವಾದ ಐಎಸ್ 710ರ ಮುದ್ರೆಯಿತ್ತು. ಆ ಮಾನದಂಡದ ಪ್ರಕಾರ ಅಂಟು 72 ಗಂಟೆಗಳ ಕುದಿತವನ್ನು ತಾಳಬೇಕು. ತುಂಡೊಂದನ್ನು ಬಚ್ಚಲ ಹಂಡೆಯಲ್ಲಿ ಹಾಕಿದಾಗ ಅದರ ಪದರಗಳು ಸಂಜೆಯೊಳಗೇ ಬಿಟ್ಟುಕೊಂಡವು. ನೆಲ, ಮಂಚ, ಪೆಟ್ಟಿಗೆ ಎಲ್ಲಕ್ಕೂ ಹಲಗೆಯನ್ನು ಹೊಸದಾಗಿ ತರಬೇಕಾಯಿತು.

ಫ್ರಿಜ್ಜಿನ ತೊಂದರೆ ಬೇರೆ ಬಗೆಯದು. ಬ್ಯಾಟರಿಯಲ್ಲಿ ಚಾರ್ಜ್ ಇದ್ದರೂ ಅದು ಆಗಾಗ ನಿಂತುಬಿಡುತ್ತಿತ್ತು. ಬ್ಯಾಟರಿಯಿಂದ ಆರು ಮೀಟರ್ ದೂರಕ್ಕೆ ಎಳೆದ 2.5 ಚದರ ಮಿಲಿಮೀಟರಿನ ತಂತಿಯಲ್ಲಿ 8 ಆಂಪಿಯರ್ ಹರಿದರೆ, ಹೋಗಿಬರುವ ದಾರಿಯಲ್ಲಿ ಸುಮಾರು 0.7 ವೋಲ್ಟ್ ಕಳೆದುಹೋಗುತ್ತದೆ. ಮನೆಯ 230 ವೋಲ್ಟಿನಲ್ಲಿ ಲೆಕ್ಕಕ್ಕೇ ಬಾರದ ಈ ನಷ್ಟ 12 ವೋಲ್ಟಿನಲ್ಲಿ ಕಂಪ್ರೆಸರ್ ಚಾಲೂ ಆಗದಂತೆ ಮಾಡಬಲ್ಲದು. 10 ಚದರ ಮಿಲಿಮೀಟರಿನ ತಂತಿ ಹಾಕಿದ ಮೇಲೆ ನಷ್ಟ ಕಾಲು ಭಾಗಕ್ಕೆ ಇಳಿಯಿತು.

ಕಾನೂನಿನ ಮಾತನ್ನೂ ಇಲ್ಲಿ ಹೇಳಲೇಬೇಕು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು, ತಯಾರಕರು ಮೂಲದಲ್ಲಿ ನಮೂದಿಸಿದ ವಿವರಗಳಿಗೆ ಹೊಂದದಂತೆ ಗಾಡಿಯನ್ನು ಬದಲಿಸುವುದನ್ನು ತಡೆಯುತ್ತದೆ. ಸರ್ವೋಚ್ಚ ನ್ಯಾಯಾಲಯವೂ 2019ರಲ್ಲಿ ಅದನ್ನೇ ಎತ್ತಿಹಿಡಿದಿದೆ. ಹೀಗಾಗಿ ಚಾವಣಿಯನ್ನು ಕೊರೆಯುವ ಯೋಚನೆಯನ್ನು ಬಿಟ್ಟೆವು. ಸೀಟುಗಳನ್ನು ತೆಗೆಯುವುದೂ ಮಾರ್ಪಾಡೇ ಆದ್ದರಿಂದ, ಕೆಲಸ ಮುಗಿಸುವ ಮೊದಲು ಆರ್‌ಟಿಒ ಕಚೇರಿಯಲ್ಲಿ ಲಿಖಿತವಾಗಿ ಕೇಳುವುದು ಒಳ್ಳೆಯದೆಂದು ನನ್ನ ದೃಢ ಅಭಿಪ್ರಾಯ.

ಎಲ್ಲವೂ ಸರಿಯಾಯಿತೆಂದು ದೇವಿಮನೆ ಘಟ್ಟ ಹತ್ತಿ ಶಿರಸಿಯ ಕಡೆ ಹೋದಾಗ ಮತ್ತೊಂದು ಸಮಸ್ಯೆ ಎದುರಾಯಿತು. ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದ ಆ ಊರಿನ ಡಿಸೆಂಬರ್ ರಾತ್ರಿಯಲ್ಲಿ ಗಾಡಿಯ ತಗಡು ಬೇಗ ತಣ್ಣಗಾಗುತ್ತದೆ. ಒಳಗೆ ಮಲಗಿದ ಇಬ್ಬರ ಉಸಿರಿನ ತೇವವೆಲ್ಲ ತಂಪಾದ ಲೋಹವನ್ನು ಹುಡುಕಿಕೊಂಡು ಹೋಗಿ ಅಲ್ಲಿ ನೀರಾಗುತ್ತದೆ. ತಗಡಿಗೆ ಫೋಮ್ ಅಂಟಿಸಿದ್ದೆವು, ಆದರೆ ಚಾವಣಿಯ ಅಡ್ಡಪಟ್ಟಿಗಳು ಬರಿದಾಗಿದ್ದವು; ಬೆಳಗಿನ ಜಾವ ಅವುಗಳಿಂದಲೇ ಹಾಸಿಗೆಗೆ ಹನಿ ಬೀಳುತ್ತಿತ್ತು. ಈಗ ಆ ಪಟ್ಟಿಗಳಿಗೂ ನೀರು ಹೀರದ ಫೋಮ್ ಸುತ್ತಿದ್ದೇವೆ. ಹಿಂದಿನ ಕಿಟಕಿಗೆ ಒಳಗಿನ ಗಾಳಿಯನ್ನು ಹೊರಗೆ ತಳ್ಳುವ 12 ವೋಲ್ಟಿನ ಫ್ಯಾನ್ ಕೂರಿಸಿ, ಎದುರಿನ ಕಿಟಕಿಯನ್ನು ಎರಡು ಬೆರಳಿನಷ್ಟು ತೆರೆದಿಟ್ಟು ಮಲಗುತ್ತೇವೆ. ಚಳಿಗಾಲಕ್ಕೆ ಇದು ಸಾಕಾಗಿದೆ. ಹೊರಗಿನ ಗಾಳಿಯೇ ಒದ್ದೆಯಾಗಿರುವ ಜುಲೈ ತಿಂಗಳಿಗೆ ಬೇರೆ ಏರ್ಪಾಡು ಬೇಕು.