ಬೊಬ್ಬೆ ಹೊಡೆದ ಇಂಜಿನ್

"ಮಾರಾಯ್ರೆ, ಇಂಜಿನ್ ಬೊಬ್ಬೆ ಹೊಡೀತದೆ, ದೋಣಿ ಹೋಗುದಿಲ್ಲ ಅಂದ್ರೆ ಇಂಜಿನ್ ಚೆಂದ ಉಂಟು ಅಂತ ಅರ್ಥ." ಕೊಡಗಿನ ಕರಡಿಗೋಡಿನ ಹೊಳೆಬದಿಯಲ್ಲಿ ಮಲ್ಪೆ ಕಡೆಯ ಮೆಕ್ಯಾನಿಕ್ ಭಾನುವಾರ ಹೇಳಿದ ಮಾತಿದು. ವಾರವಿಡೀ ಕಿವಿಯಲ್ಲೇ ಇದೆ.

2019ರ ಆಗಸ್ಟ್‌ನಲ್ಲಿ ಕಾವೇರಿ ಇಲ್ಲಿನ ಮನೆಗಳಿಗೆ ನುಗ್ಗಿತಲ್ಲ, ಆಮೇಲೆ ಊರಿನ ಸಂಘದವರು ಒಂದು ಫೈಬರ್ ದೋಣಿ, ಅದರ ಹಿಂಬದಿಗೆ ಸಿಕ್ಕಿಸುವ ಸೆಕೆಂಡ್‌ಹ್ಯಾಂಡ್ ಔಟ್‌ಬೋರ್ಡ್ ಇಂಜಿನ್ ತಂದಿಟ್ಟರು. ಮಳೆ ಜೋರಾಗುವ ಮೊದಲು ಹೊಳೆಗೆ ಇಳಿಸಿ ನೋಡೋಣ ಅಂತ ಹುಡುಗರು ಹಟ ಹಿಡಿದರು. ನೇರಕ್ಕೆ ಹೇಗೋ ಹೋಯಿತು. ತಿರುಗಿಸಿದ ಕೂಡಲೇ ಇಂಜಿನ್ ಕಿರುಚಿತು. ಕೆಸರಲ್ಲಿ ಜೀಪಿನ ಚಕ್ರ ಸುತ್ತಿದ ಹಾಗೆ ಪ್ರೊಪೆಲ್ಲರ್ ಸುಮ್ನೆ ಸುತ್ತಿತು. ದಡದಲ್ಲಿದ್ದವರೆಲ್ಲ ತಜ್ಞರಾದರು. ಪ್ರೊಪೆಲ್ಲರ್ ಬದಲಾಯಿಸಿ ಅಂದರು ಒಬ್ಬರು. ಇಂಜಿನ್ನೇ ಗುಜರಿ ಅಂದರು ಇನ್ನೊಬ್ಬರು.

ಮೆಕ್ಯಾನಿಕ್ ಮಾತ್ರ ಇಂಜಿನ್ನಿನ ಮುಚ್ಚಳವನ್ನೇ ತೆಗೆಯಲಿಲ್ಲ. ದೋಣಿ ದಡಕ್ಕೆ ಎಳೆಸಿ, ಮೊದಲು ಪ್ರೊಪೆಲ್ಲರಿನ ಎಲೆಗಳನ್ನು ಬೆರಳಲ್ಲಿ ಸವರಿ ನೋಡಿದರು. ಎಲೆಯ ಬೆನ್ನಲ್ಲಿ ಒತ್ತಡ ತೀರಾ ಇಳಿದರೆ ತಣ್ಣೀರೇ ಕುದಿದು ಗುಳ್ಳೆ ಏಳುತ್ತದಂತೆ. ಆ ಗುಳ್ಳೆಗಳು ಒಡೆಯುತ್ತಾ ಒಡೆಯುತ್ತಾ ಲೋಹವನ್ನೇ ಕೊರೆಯುತ್ತವೆ. ಅಂಥ ಗುಂಡಿ ಒಂದೂ ಇರಲಿಲ್ಲ. "ಇದು ಅದಲ್ಲ, ಮೇಲಿಂದ ಗಾಳಿ ಎಳೀತಾ ಉಂಟು" ಅಂದರು.

ಆಮೇಲೆ ಒಂದು ನೇರ ರೀಪರ್ ಕೇಳಿದರು. ಅದನ್ನು ದೋಣಿಯ ತಳಕ್ಕೆ ಒತ್ತಿ ಹಿಂದಕ್ಕೆ ಚಾಚಿದರು. ಪ್ರೊಪೆಲ್ಲರಿನ ಮೇಲ್ಗಡೆ ಒಂದು ಚಪ್ಪಟೆ ಪ್ಲೇಟ್ ಇರುತ್ತದೆ, ಕ್ಯಾವಿಟೇಶನ್ ಪ್ಲೇಟ್ ಅಂತಾರೆ. ಮೇಲಿನ ಗಾಳಿ ಪ್ರೊಪೆಲ್ಲರಿಗೆ ಇಳಿಯದಂತೆ ತಡೆಯುವುದು ಅದರ ಕೆಲಸ. ಅದು ತಳದ ಮಟ್ಟಕ್ಕೇ ಇರಬೇಕು, ಹೆಚ್ಚೆಂದರೆ ಒಂದಿಂಚು ಮೇಲೆ. ನಮ್ಮದು ಮೂರಿಂಚು ಮೇಲಿತ್ತು! ಹಾಗಿದ್ದರೆ ತಂಪು ಮಾಡುವ ನೀರಿನ ಜೊತೆಗೂ ಗಾಳಿ ಸೇರಿ ಇಂಜಿನ್ ಬಿಸಿಯಾಗುವ ಭಯ ಬೇರೆ. ತೀರಾ ಕೆಳಗಿಳಿಸಿದರೂ ಕಷ್ಟ, ನೀರು ಹಿಡಿದೆಳೆದು ವೇಗ ಸಾಯುತ್ತದೆ.

ಕಾರಣ ಇಂಜಿನ್ನಿನ ಕೆಳಗೇ ಸಿಕ್ಕಿತು. ಇಂಜಿನ್ ಕೂರುವ ಹಿಂಬದಿಯ ಹಲಗೆಯ ಮೇಲೆ ಯಾರೋ ಒಂದು ಮರದ ತುಂಡು ಇಟ್ಟಿದ್ದರು. ಕಲ್ಲಿಗೆ ಬಡಿಯದಿರಲಿ ಅಂತ. ಅವರನ್ನು ಬೈಯಲು ನನಗೆ ಮನಸ್ಸಿಲ್ಲ, ನಮ್ಮ ಹೊಳೆಯ ಬಂಡೆಗಳನ್ನು ನೋಡಿದವರೇ ಅಲ್ವಾ. ತುಂಡು ತೆಗೆದು ಬೋಲ್ಟ್ ಬಿಗಿದ ಮೇಲೆ ದೋಣಿ ತಿರುವಿನಲ್ಲೂ ಸರಾಗವಾಗಿ ಹೋಯಿತು.

ನನಗೆ ಸಿಟ್ಟು ಬಂದದ್ದು ಸಂಘದ ಅಧ್ಯಕ್ಷರ ಮಾತಿಗೆ. "ವರ್ಷಾ ವರ್ಷಾ ಟೆಸ್ಟ್ ಮಾಡ್ತೀವಲ್ಲ!" ಅಂದರು. ಮಾಡುವುದು ಹೌದು. ಶೆಡ್ಡಿನಲ್ಲಿ, ನೀರು ತುಂಬಿದ ಡ್ರಮ್ಮಿನಲ್ಲಿ ಇಂಜಿನ್ ಮುಳುಗಿಸಿ, ತೆಂಗಿನಕಾಯಿ ಒಡೆದು, ಫೋಟೋ ತೆಗೆದು. ಡ್ರಮ್ಮಿನಲ್ಲಿ ಇಂಜಿನ್ ಎಷ್ಟು ಚೆಂದ ಓಡಿದರೂ, ದೋಣಿಗೆ ಅದು ಸರಿಯಾದ ಎತ್ತರದಲ್ಲಿ ಕೂತಿದೆಯಾ ಅಂತ ಹೇಗೆ ಗೊತ್ತಾಗಬೇಕು? ಪ್ರವಾಹದ ನಡುವೆ, ಅಜ್ಜಿಯೊಬ್ಬರನ್ನು ಕೂರಿಸಿಕೊಂಡು ತಿರುಗಿಸುವಾಗ ಗೊತ್ತಾಗುತ್ತಿತ್ತು. ನಮ್ಮಲ್ಲಿ ಆಪತ್ತಿಗೆ ಅಂತ ಇಟ್ಟ ವಸ್ತುಗಳ ಪಾಡೇ ಇದು. ಗೋಡೆಗೆ ತೂಗುಹಾಕಿದ ಲೈಫ್ ಜಾಕೆಟ್ ಆಗಲಿ, ಜನರೇಟರ್ ಆಗಲಿ, ಪೂಜೆ ತಪ್ಪುವುದಿಲ್ಲ, ಬಳಸಿ ನೋಡುವವರಿಲ್ಲ.

ತಿಂಗಳಿಗೊಮ್ಮೆ ಜನ ಕೂರಿಸಿ ಹೊಳೆಯಲ್ಲೇ ಓಡಿಸೋಣ, ಭಾರ ಬಿದ್ದಾಗ ದೋಣಿ ಕೂರುವ ರೀತಿಯೂ ಬದಲಾಗುತ್ತದೆ ಅಂತ ಸಭೆಯಲ್ಲಿ ಹೇಳಿದೆ. ಪೆಟ್ರೋಲಿಗೆ ದುಡ್ಡೆಲ್ಲಿದೆ ಅಂದರು ಅಧ್ಯಕ್ಷರು. ಹೂವಿನ ಹಾರದ ಬಿಲ್ಲು ಖಜಾಂಚಿಯ ಕೈಯಲ್ಲೇ ಇತ್ತು, ತೋರಿಸಿದೆ. ಜುಲೈಗೆ ಒಂದು ಕ್ಯಾನ್ ಪೆಟ್ರೋಲ್ ಮಂಜೂರಾಯಿತು.